ಲಗತ್ತಿನಲ್ಲಿದ್ದ ಪಂದ್ಯ

ಮಾನ್ಯ ಮಿತ್ರರೂ ನಮ್ಮ ಹುಡುಗರ ಮಾಸ್ಟರೂ ಆದ ಪಳನಿವೇಲು ಅವರಿಗೆ,

ನಿಮಗೆ ಕನ್ನಡ ಓದಲು ಬರುತ್ತಿರಲಿಲ್ಲ. ಹನ್ನೊಂದು ವರ್ಷ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿಯಾಗಿ ನಾನು ನಿಮಗೆ ಬರೆದ ಪತ್ರಗಳನ್ನೆಲ್ಲ ಅಭ್ಯಾಸಕ್ಕೆ ಬಂದ ಯಾರಾದರೊಬ್ಬ ಹುಡುಗ ನಿಮಗೆ ಓದಿ ಹೇಳುತ್ತಿದ್ದ. ಈಗ ನೀವಿರುವಲ್ಲಿ ಆ ವ್ಯವಸ್ಥೆ ಹೇಗಿದೆಯೋ ತಿಳಿಯದು. ನನಗೆ ಬರುವ ಬರವಣಿಗೆ ಇದೊಂದೇ ಆದ್ದರಿಂದ ಇದರಲ್ಲಿಯೇ ಬರೆಯುತ್ತಿದ್ದೇನೆ. ನೀವು ತೀರಿಕೊಂಡು ಹದಿಮೂರು ತಿಂಗಳಾದವು. ನಿಮ್ಮ ಮೇಲೆ ನಾನು ಲಿಖಿತವಾಗಿ ಹೊರಿಸಿದ್ದ ಒಂದು ಆಪಾದನೆಯನ್ನು ಹಿಂತೆಗೆದುಕೊಳ್ಳುವುದು, ಅದರಿಂದ ನಮ್ಮ ತಂಡದ ಭೀಮಾಶಂಕರನಿಗೆ ಆದದ್ದೇನು ಎಂಬುದನ್ನು ನಿಮಗೆ ತಿಳಿಸುವುದು, ಇವೆರಡೇ ಈ ಪತ್ರದ ಉದ್ದೇಶ.

ನೀವು ನಮ್ಮ ಸಮಿತಿಯ ಮುಂದೆ ಮೊದಲು ಬಂದು ಕುಳಿತ ಸಂಜೆ ನೆನಪಿದೆ. ಹಲಸೂರಿನಲ್ಲಿ ಆಗ ಮೆಟ್ರೋ ಕಂಬಗಳು ಅರ್ಧಕ್ಕೆ ನಿಂತಿದ್ದವು. ಧೂಳಿಗೆ ಹೆದರಿ ಕ್ಲಬ್ಬಿನ ಕಿಟಕಿಗಳನ್ನು ಮುಚ್ಚಿಕೊಂಡೇ ಸಭೆ ನಡೆಸುತ್ತಿದ್ದೆವು. ಖಜಾಂಚಿಯವರು ನಿಮ್ಮನ್ನು ಕೇಳಿದರು: "ಎಷ್ಟು ವರ್ಷದಲ್ಲಿ ಕಪ್ ತರ್ತೀರಾ ಮಾಸ್ಟರ್?"

"ಕಪ್ ವಿಷ್ಯ ಗೊತ್ತಿಲ್ಲ ಸಾರ್. ಹುಡುಗ್ರನ್ನ ಕೊಡಿ, ಪ್ಲೇಯರ್ಸ್ ಮಾಡ್ಕೊಡ್ತೀನಿ. ಆದ್ರೆ ನಿಧಾನ ಆಗುತ್ತೆ."

"ನಿಧಾನ ಅಂದ್ರೆ? ಹೊರಗಡೆ ಕಂಬ ನಿಂತಿದ್ಯಲ್ಲ, ಹಂಗಾ?"

"ಅದಕ್ಕಿಂತ ಸ್ವಲ್ಪ ಬೇಗ ಸಾರ್."

ನಾವೆಲ್ಲ ನಕ್ಕೆವು, ನೀವು ನಗಲಿಲ್ಲ. ನೀವು ಹೇಳಿದ್ದು ಒಂದು ಷರತ್ತೆಂಬುದು ನಮಗಾರಿಗೂ ಹೊಳೆಯಲಿಲ್ಲ. ನಡಾವಳಿ ಪುಸ್ತಕದಲ್ಲಿ ನಾನೂ ಅದನ್ನು ದಾಖಲಿಸಲಿಲ್ಲ.

ನಾನು ಆಟಗಾರನಲ್ಲವೆಂಬುದು ನಿಮಗೆ ಗೊತ್ತಿತ್ತು. ಹದಿನೆಂಟನೆಯ ವಯಸ್ಸಿನಲ್ಲಿ ಶಿವಾಜಿನಗರದ ಒಬ್ಬ ಅರ್ಜಿ ಬರೆಯುವವರ ಮೇಜಿನ ಪಕ್ಕ ಕುಳಿತು ಅರ್ಜಿಗಳ ನಕಲು ತೆಗೆಯುತ್ತಿದ್ದವನು ನಾನು. ಅನಂತರ ಕಾರ್ಖಾನೆಯ ಕಚೇರಿ ಸೇರಿ ನಿವೃತ್ತನಾದೆ. ಮೈದಾನದ ಪರವಾನಗಿ, ಪಂದ್ಯದ ಮುಂದೂಡಿಕೆ, ರೆಫರಿಯ ಮೇಲಿನ ದೂರು, ಯಾವುದಿದ್ದರೂ ನಾನು ಬರೆದರೆ ಕೆಲಸವಾಗುತ್ತದೆ ಎಂಬ ಹೆಸರಿತ್ತು; ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು, ಈಗಲೂ ಇಲ್ಲದಿಲ್ಲ. ಆಟದ ಕುರಿತು ನನಗೆ ತಿಳಿದದ್ದೆಲ್ಲ ನಿಮ್ಮ ಪಕ್ಕದ ಸಿಮೆಂಟ್ ಕಟ್ಟೆಯ ಮೇಲೆ ಕುಳಿತು ಕಲಿತದ್ದು. ಆದರೆ ಕಲಿತೆನೆಂದು ಅಂದುಕೊಂಡದ್ದಕ್ಕೂ ಕಲಿತದ್ದಕ್ಕೂ ಅಂತರ ಎಷ್ಟಿತ್ತು ಎಂದರೆ...

ಮಳೆ ಬಿಟ್ಟ ಒಂದು ಮಧ್ಯಾಹ್ನ ನಿಮ್ಮ ಅಭ್ಯಾಸವನ್ನು ಮೊದಲಿಂದ ಕೊನೆಯವರೆಗೆ ನೋಡಿದೆ. ಗೋಲು ಹೊಡೆಯುವ ಹುಡುಗರನ್ನು ನೀವು ಹಿಂದೆ ನಿಲ್ಲಿಸಿದ್ದಿರಿ. ಹಿಂದೆ ಆಡುವವರನ್ನು ಮುಂದಕ್ಕೆ ಕಳುಹಿಸಿದ್ದಿರಿ. ಬಲಗಾಲಿನವರಿಗೆ ಎಡಗಾಲು ಮಾತ್ರ. ಎಲ್ಲರೂ ತಡವರಿಸುತ್ತಿದ್ದರು. ಇದೇನು ಮಾಸ್ಟರ್, ಇರುವ ಆಟವನ್ನೂ ಕೆಡಿಸುತ್ತಿದ್ದೀರಿ ಎಂದು ನಾನು ಕೇಳಿದಾಗ ನೀವು ಹೇಳಿದಿರಿ: "ಬರೋದನ್ನೇ ಮಾಡಿಸ್ತಿದ್ರೆ ನಾನ್ಯಾಕ್ ಸಾರ್ ಬೇಕು? ಅದು ಅವ್ರಿಗೇ ಬರುತ್ತಲ್ಲ."

ನಿಮ್ಮ ದೋಷಗಳನ್ನೂ ಬರೆಯದಿದ್ದರೆ ಈ ಪತ್ರಕ್ಕೆ ಬೆಲೆಯಿರುವುದಿಲ್ಲ. ಗೋಲ್‌ಕೀಪರುಗಳನ್ನು ತಯಾರು ಮಾಡುವುದು ನಿಮಗೆ ಬರುತ್ತಿರಲಿಲ್ಲ. ಆ ಜಾಗಕ್ಕೆ ನಾವು ಸದಾ ಹೊರಗಿನವರನ್ನು ಕೇಳಿಕೊಂಡು ತರಬೇಕಾಗುತ್ತಿತ್ತು. ಮಾತುಗಾರ ಹುಡುಗರನ್ನು ಕಂಡರೆ ನಿಮಗೆ ಆಗುತ್ತಿರಲಿಲ್ಲ. ಕೂದಲಿಗೆ ಬಣ್ಣ ಹಚ್ಚಿಕೊಂಡು ಬಂದಿದ್ದ ಲಿಂಗರಾಜಪುರದ ಆ ಚುರುಕಿನ ಹುಡುಗನನ್ನು ಒಂದು ತಿಂಗಳು ಬರಿದೇ ಓಡಿಸಿ ಓಡಿಸಿ ಬೇರೆ ಕ್ಲಬ್ಬಿಗೆ ಅಟ್ಟಿದಿರಿ. ಅಲ್ಲಿ ಅವನು ಚೆನ್ನಾಗಿಯೇ ಆಡಿದ. ಹಿರಿಯ ಆಟಗಾರರಿಗೆ ವಯಸ್ಸಾಯಿತೆಂದು ಹೇಳುವಾಗ ನಿಮ್ಮ ಬಾಯಲ್ಲಿ ಮೃದುವಾದ ಮಾತು ಒಂದೂ ಬರುತ್ತಿರಲಿಲ್ಲ. ನಿಮ್ಮಲ್ಲಿ ಪಳಗಿದವರಲ್ಲಿ ದೊಡ್ಡ ಕ್ಲಬ್ಬುಗಳಿಗೆ ಹೋದವರು ಇಬ್ಬರೇ. ಉಳಿದವರಲ್ಲಿ ಒಬ್ಬ ಬ್ಯಾಂಕಿನ ತಂಡದಲ್ಲಿದ್ದಾನೆ, ಕೆಲವರು ಶಾಲೆಗಳಲ್ಲಿ ಆಟ ಕಲಿಸುತ್ತಾರೆ, ಬಹಳ ಮಂದಿ ಆಟಕ್ಕೆ ಸಂಬಂಧವಿಲ್ಲದ ಕೆಲಸಗಳಲ್ಲಿದ್ದಾರೆ. ಇಷ್ಟು ಫಲಕ್ಕೆ ಹನ್ನೊಂದು ವರ್ಷವೇ ಎಂದು ಸಮಿತಿಯಲ್ಲಿ ಕೇಳಿದವರು ಮೂರ್ಖರೇನಲ್ಲ. ಹಾಗಾದರೆ ಹುಡುಗರನ್ನು ಬೆಳೆಸಿದ್ದನ್ನು ಅಳೆಯುವುದು ಯಾವುದರಿಂದ? ಅಳತೆಗೋಲಾಗಿ ನನ್ನಲ್ಲಿ ಒಬ್ಬ ಹುಡುಗನ ಸಂಗತಿ ಮಾತ್ರ ಇದೆ.

ಭೀಮಾಶಂಕರ ಬಂದ ದಿನ ಮೈದಾನದ ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿ ಅಪ್ಪ ಅಮ್ಮನೊಡನೆ ಇದ್ದವನು. ಯಾದಗಿರಿ ಕಡೆಯವರು, ತಂದೆಗೆ ಗಾರೆ ಕೆಲಸ. ವಯಸ್ಸು ಹದಿನೈದು. ಆ ದಿನದ ಆಟದಲ್ಲಿ ನಾಲ್ಕು ಗೋಲು ಹೊಡೆದ. ಮರುದಿನವೇ ನೀವು ಅವನನ್ನು ಸ್ಟಾಪರ್ ಜಾಗಕ್ಕೆ, ನಮ್ಮ ಗೋಲಿನ ಮುಂದೆ ನಟ್ಟನಡುವೆ, ತಂದು ನಿಲ್ಲಿಸಿದಿರಿ.

"ಮಾಸ್ಟರ್, ನಾ ಹಿಂದ ಆಡಂಗಿಲ್ರಿ. ನಾ ಗೋಲ್ ಹೊಡ್ಯಾಂವ," ಎಂದ.

"ಗೋಲ್ ಹೊಡ್ಯೋನು ಏನೇನ್ ಕಳ್ಳಾಟ ಆಡ್ತಾನೆ ನಿಂಗೊತ್ತಲ್ವೇನೋ? ಅದಕ್ಕೇ ಹಿಂದೆ ನಿಲ್ಲು. ಕಳ್ಳನ್ನ ಹಿಡಿಯಕ್ಕೆ ಕಳ್ಳನೇ ಬೇಕು."

ಎರಡು ವರ್ಷ ಅವನನ್ನು ಅಲ್ಲಿಯೇ ಇರಿಸಿದಿರಿ. ಮೂರನೆಯ ವರ್ಷ, ಹದಿನೇಳು ತುಂಬಿದ ಮೇಲೆ, ಹಿರಿಯ ಆಟಗಾರನೊಬ್ಬನನ್ನು ಹೊರಗೆ ಕೂರಿಸಿ ಇವನನ್ನು ಲೀಗ್ ಪಂದ್ಯಗಳಿಗೆ ಇಳಿಸಿದಿರಿ.

ಆ ವರ್ಷದ ಕೊನೆಯ ಪಂದ್ಯವನ್ನು ನಾನು ಕಣ್ಣು ಮುಚ್ಚಿದರೂ ಕಾಣಬಲ್ಲೆನೆಂದು ನಂಬಿದ್ದೆ. ಡ್ರಾ ಆದರೆ ನಮ್ಮ ಡಿವಿಷನ್‌ನಲ್ಲಿ ಉಳಿಯುತ್ತೇವೆ. ಸೋತರೆ ಕೆಳಗಿನದಕ್ಕೆ ಇಳಿಯುತ್ತೇವೆ. ಹಾಫ್ ಟೈಮ್ ಆಗಿ ಸ್ವಲ್ಪ ಹೊತ್ತಿಗೆ ಭೀಮಾಶಂಕರ ಎಡಗಾಲಿನಲ್ಲಿ ನಮ್ಮ ಕೀಪರಿಗೆ ಚೆಂಡು ಹಿಂತಿರುಗಿಸಿದ. ಅದು ಅರ್ಧ ದಾರಿಯಲ್ಲಿ ಸತ್ತಿತು. ಎದುರಾಳಿ ಅದನ್ನು ಕಸಿದುಕೊಂಡು ಹೋಗಿ ಗೋಲು ಮಾಡಿದ. ನಾನು ಕಟ್ಟೆಯಿಂದ ಎದ್ದು ನಿಮ್ಮ ಬಳಿಗೆ ಬಂದೆ.

"ಮಾಸ್ಟರ್, ಆ ಹುಡುಗನನ್ನ ಹೊರಗೆ ಕರೀರಿ."

"ಈಗ ಕರುದ್ರೆ ಆ ಗೋಲ್‌ನ ಮನೆಗೆ ಎತ್ಕೊಂಡ್ ಹೋಗ್ತಾನೆ ರಾವ್ ಸಾರ್. ಹತ್ತು ಸಲ ಬಾಲ್ ಮುಟ್ಲಿ. ಆಮೇಲೆ ನೋಡಣ."

"ಅವನು ಹತ್ತು ಸಲ ಮುಟ್ಟೋದ್ರೊಳಗೆ ನಾವು ಡಿವಿಷನ್ ಬಿಟ್ಟು ಇಳೀತೀವಿ."

"ಡಿವಿಷನ್ ಇನ್ನೊಂದ್ ವರ್ಷ ವಾಪಸ್ ಬರುತ್ತೆ ಸಾರ್. ಹುಡುಗ ಹೋದ್ರೆ ಬರಲ್ಲ."

ಇದು ನಿಮ್ಮ ನಿಯಮ ಎಂಬುದು ಎಲ್ಲರಿಗೂ ತಿಳಿದಿತ್ತು: ತಪ್ಪು ಮಾಡಿದ ಕೂಡಲೇ ಎಳೆಯ ಆಟಗಾರನನ್ನು ಹೊರಕ್ಕೆ ಕರೆಯಬಾರದು, ಹತ್ತು ಸಲ ಚೆಂಡು ಮುಟ್ಟಿದ ಮೇಲೆಯೇ ತೀರ್ಮಾನ. ನಾವು ಒಂದು ಗೋಲು ಹೊಡೆದು ಅದನ್ನು ತೀರಿಸಿದೆವು. ಕೊನೆಯ ಹತ್ತು ನಿಮಿಷದಲ್ಲಿ ನಮ್ಮ ಮೇಲೆ ಇನ್ನೊಂದು ಬಿತ್ತು. ಭೀಮಾಶಂಕರ ತನ್ನ ಜಾಗ ಬಿಟ್ಟು ಎಡಕ್ಕೆ ಓಡಿದ್ದನ್ನು, ಅವನು ಬಿಟ್ಟ ಜಾಗಕ್ಕೇ ಚೆಂಡು ಬಂದು ಗೋಲಾದದ್ದನ್ನು ನಾವೆಲ್ಲ ಕಂಡೆವು. ಕಂಡೆವೆಂದೇ ಎಲ್ಲರೂ ಹೇಳಿದೆವು. ನಾವು ಇಳಿದೆವು.

ಆ ವಾರ ಸಮಿತಿಯವರು ನನ್ನ ಜೀವನ್ ಬಿಮಾ ನಗರದ ಮನೆಗೆ ಬಂದು ಕುಳಿತರು. ತರಬೇತುದಾರರನ್ನು ಬದಲಾಯಿಸಬೇಕೆಂದು ಅಧ್ಯಕ್ಷರಿಗೆ ಒಂದು ಮನವಿ ಹೋಗಬೇಕು, ಅದನ್ನು ನಾನೇ ಬರೆಯಬೇಕು ಎಂದರು. ಬರೆದೆ. "ಸದರಿ ಆಟಗಾರನು ಸ್ವಸ್ಥಾನವನ್ನು ತೊರೆದು ಓಡಿದ್ದರಿಂದಲೇ ನಿರ್ಣಾಯಕ ಗೋಲು ದಾಖಲಾಗಿದ್ದು, ಈ ದರ್ಜೆಯ ಪಂದ್ಯಗಳಿಗೆ ಆತನು ಅನರ್ಹನೆಂಬುದು ಸಕಲರಿಗೂ ವಿದಿತವಾಗಿದ್ದರೂ ತರಬೇತುದಾರರು ಹಟದಿಂದ ಆತನನ್ನೇ ಮುಂದುವರಿಸಿರುತ್ತಾರೆ" ಎಂಬ ವಾಕ್ಯವನ್ನು ನಾನು ಮೂರು ಬಾರಿ ತಿದ್ದಿದೆ. ಓದಿ ಕೇಳಿಸಿದಾಗ, ಸಹಿ ಮಾಡಲು ಹಿಂದೆ ಮುಂದೆ ನೋಡುತ್ತಿದ್ದ ಇಬ್ಬರು ಸಹ ಪೆನ್ನು ಕೇಳಿದರು. ಮೊದಲ ಸಹಿ ನಮ್ಮ ತಂಡದ ಕ್ಯಾಪ್ಟನ್‌ನದು. ಅವನು ಹಿಂದಿನ ಸಾಲಿನಲ್ಲಿ ಎಡಬದಿಯ ಬ್ಯಾಕ್ ಆಗಿ ಆ ಪಂದ್ಯವನ್ನು ಪೂರ್ತಿ ಆಡಿದವನು; ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಖಜಾಂಚಿಯವರ ಅಳಿಯ ಮೊಬೈಲಿನಲ್ಲಿ ಪಂದ್ಯವನ್ನು ಚಿತ್ರೀಕರಿಸಿದ್ದರು. ಅದನ್ನು ಪೆನ್ ಡ್ರೈವಿಗೆ ಹಾಕಿಸಿ, ಲಕೋಟೆಯಲ್ಲಿಟ್ಟು ಅಂಟಿಸಿ, ಮನವಿಯ ಕೊನೆಗೆ "ಲಗತ್ತು: ಪಂದ್ಯದ ಚಿತ್ರೀಕರಣ" ಎಂದು ಬರೆದೆ. ಲಗತ್ತಿದ್ದರೆ ಅರ್ಜಿಗೆ ತೂಕ.

ಒಂದು ಪ್ರತಿ ನಿಮಗೂ ಬಂತು. ಮೈದಾನ ನೋಡಿಕೊಳ್ಳುವ ಅಂತೋನಿ ಅದನ್ನು ಅಭ್ಯಾಸದ ಹೊತ್ತಿಗೆ ತಂದು ನಿಮ್ಮ ಕೈಗೆ ಕೊಟ್ಟ. ನಿಮಗೆ ಪತ್ರಗಳನ್ನು ಯಾರು ಓದಿ ಹೇಳುತ್ತಾರೆಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹನ್ನೊಂದು ವರ್ಷ ಗೊತ್ತಿತ್ತು. ಆ ದಿನ ಅದು ನೆನಪಿಗೆ ಬರಲಿಲ್ಲ, ಅಷ್ಟೇ. ಅಂದು ಬೇಗ ಬಂದು ಶೂ ಲೇಸು ಕಟ್ಟಿಕೊಳ್ಳುತ್ತಿದ್ದವನು ಭೀಮಾಶಂಕರ. ನೀವು ಅವನನ್ನೇ ಕರೆದಿರಿ.

ಮುಂದಿನದನ್ನು ಅಂತೋನಿ ಒಂದು ವಾರದ ಮೇಲೆ ನನಗೆ ಹೇಳಿದ.

"ಓದ್ತಾ ಓದ್ತಾ ಹುಡ್ಗ ನಿಂತ್ಬಿಟ್ಟ ಸಾರ್. ಮಾಸ್ಟರ್ ಕೇಳುದ್ರು, ಅನರ್ಹ ಅಂದ್ರೇನೋ ಅಂತ. ಲಾಯಕ್ಕಿಲ್ಲ ಅಂತ್ರಿ ಅಂದ. ಯಾರು, ನಾನಾ? ಅಂದ್ರು ಮಾಸ್ಟರ್. ಇಲ್ರಿ, ನಾ ಅಂದ."

"ಆಮೇಲೆ?"

"ನಿಲ್ಲಿಸ್ಬೇಡ, ಪೂರ್ತಿ ಓದು ಅಂದ್ರು. ಓದ್ದ. ಚೆನ್ನಾಗಿ ಓದ್ದೆ ಅಂತ ಬೆನ್ ತಟ್ಟುದ್ರು. ಆಮೇಲೆ ವಿಷಲ್ಲು, ಬೀಗದ ಕೈ ನನ್ ಕೈಗೆ ಕೊಟ್ಟು ಹೊರಟ್ಹೋದ್ರು ಸಾರ್."

ಮರುದಿನದಿಂದ ಭೀಮಾಶಂಕರನೂ ಬರಲಿಲ್ಲ. ನಾನು ಏನು ಮಾಡಿದೆ? ಏನನ್ನೂ ಮಾಡಲಿಲ್ಲ. ಸಂಗತಿ ಸತ್ಯವಾಗಿರುವಾಗ ಯಾರು ಓದಿದರೇನು ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಅದಾದ ಮೇಲೆ ಹಲಸೂರಿನ ಮಾರುಕಟ್ಟೆಯ ಬೀದಿಯಲ್ಲಿ ನಾವಿಬ್ಬರೂ ನಾಲ್ಕೈದು ಸಲ ಎದುರಾದೆವು. ಪ್ರತಿ ಸಲವೂ ನೀವೇ ನಿಂತು, "ಮಂಡಿನೋವು ಹೆಂಗಿದೆ ಸಾರ್?" ಎಂದು ಕೇಳಿದಿರಿ. ನಾನು ಮಂಡಿಯ ವಿಷಯವನ್ನು ಮಾತ್ರ ಹೇಳಿದೆ.

ನೀವು ತೀರಿಕೊಂಡು, ಉತ್ತರಕ್ರಿಯೆಯೆಲ್ಲ ಮುಗಿದು ಕೆಲವು ದಿನಗಳಾದ ಮೇಲೆ ನಿಮ್ಮ ಮನೆಗೆ ಹೋದೆ. ನಿಮ್ಮ ಪತ್ನಿ ಕಮಲಮ್ಮನವರು ಕಾಫಿ ಕೊಟ್ಟು ಎದುರಿಗೆ ಕುಳಿತರು. ಕೊನೆಯ ದಿನಗಳಲ್ಲಿ ಮಾಸ್ಟರ್ ಹೊರಗೆ ಓಡಾಡುತ್ತಿದ್ದರೇ ಎಂದು ಮಾತಿಗೆ ಕೇಳಿದೆ.

"ಎಲ್ಲೂ ಇಲ್ಲ ಸಾರ್. ಶನಿವಾರ ಮಾತ್ರ ಕೆ.ಆರ್. ಪುರಕ್ಕೆ. ಆ ಯಾದಗಿರಿ ಹುಡುಗನ ಮನೆಗೆ. ಬಸ್ಸಲ್ಲಿ ನಿಂತ್ಕೊಂಡ್ ಹೋಗ್ಬೇಡಿ ಅಂದ್ರೂ ಕೇಳ್ತಿರ್ಲಿಲ್ಲ. ಹೋಗಿ ಅವ್ರಮ್ಮ ಮಾಡಿದ್ ಜೋಳದ ರೊಟ್ಟಿ ತಿಂದ್ಕೊಂಡು ಬರೋರು. ವಾಪಸ್ ಆಟಕ್ಕೆ ಬಾ ಅಂತ ಕರುದ್ರಾ ಅಂದ್ರೆ, ಕರ್ಯಲ್ಲ ಕಮಲ, ಅವನಾಗೇ ಕೇಳ್ಬೇಕು ಅನ್ನೋರು."

"ಕೇಳಿದ್ನಾ?"

"ಇಲ್ಲ ಸಾರ್. ಅದೊಂದು ಅವ್ರಿಗೆ..." ಎಂದು ಅವರು ಲೋಟ ಎತ್ತಿಕೊಂಡು ಒಳಗೆ ಹೋದರು.

ನಿಮ್ಮ ಮನೆಯಿಂದ ನೇರವಾಗಿ ಕ್ಲಬ್ಬಿಗೆ ನಡೆದೆ. ಯಾಕೆ ಹೋದೆನೆಂದು ಹೇಳಲಾರೆ. ಬೀರುವಿನಲ್ಲಿ ನನ್ನ ಮನವಿಯ ಕಡತವಿತ್ತು, ಅದರೊಳಗೆ ನಾನು ಅಂಟಿಸಿದ್ದ ಲಕೋಟೆ ಅಂಟಿದ ಹಾಗೆಯೇ ಇತ್ತು. ಅಧ್ಯಕ್ಷರು ಅದನ್ನು ತೆರೆದಿರಲಿಲ್ಲ. ಸಹಿ ಮಾಡಿದವರಾರೂ ಕೇಳಿರಲಿಲ್ಲ. ಲಗತ್ತು ಎಂದು ಬರೆದ ನಾನೂ ಅದನ್ನು ನೋಡಿರಲಿಲ್ಲ. ಅರ್ಜಿ ಬರೆಯುವುದನ್ನು ನನಗೆ ಕಲಿಸಿದ ಹಿರಿಯರು, ಲಗತ್ತನ್ನು ಓದದೆ ಪತ್ರದಲ್ಲಿ ಅದರ ಹೆಸರೆತ್ತಬೇಡ ಎಂದು ಮೊದಲ ವಾರವೇ ಹೇಳಿಕೊಟ್ಟಿದ್ದರು. ನಕಲು ತೆಗೆಯುವುದರಲ್ಲಿ ಅದನ್ನು ನಾನು ಎಲ್ಲಿ ಬಿಟ್ಟೆನೋ.

ಮನೆಯ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಅದನ್ನು ನನ್ನ ಫೋನಿಗೆ ಹಾಕಿಸಿಕೊಂಡೆ. ಪೆನ್ಸಿಲು ಹಿಡಿದು ಮೂರು ಸಲ ನೋಡಿದೆ. ಮೊದಲ ಗೋಲು ಭೀಮಾಶಂಕರನ ತಪ್ಪೇ, ಅದರಲ್ಲಿ ಸಂಶಯವಿಲ್ಲ. ಅಲ್ಲಿಂದ ಎರಡನೆಯ ಗೋಲಿನವರೆಗೆ ಅವನು ಹದಿನಾಲ್ಕು ಸಲ ಚೆಂಡು ಮುಟ್ಟಿದ್ದಾನೆ. ಮೊದಲ ಎರಡು ಸಲ ಚೆಂಡು ಅವನ ಕಾಲಿನಿಂದ ಜಾರಿದ್ದು ಚಿತ್ರದಲ್ಲಿಯೇ ಕಾಣುತ್ತದೆ. ಉಳಿದ ಹನ್ನೆರಡರಲ್ಲಿ ಒಂದೂ ಕೆಟ್ಟಿಲ್ಲ. ನಾವು ತೀರಿಸಿದ ಗೋಲು ಶುರುವಾದದ್ದು ಅವನ ಕಾಲಿನಿಂದ, ಅದೂ ಎಡಗಾಲಿನಿಂದ. ಎರಡನೆಯ ಗೋಲಿಗೆ ಮೊದಲು ಎಡಬದಿಯಲ್ಲಿ ನಮ್ಮ ಕ್ಯಾಪ್ಟನ್ ಮುಂದಕ್ಕೆ ಹೋದವನು ಹಿಂತಿರುಗದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾನೆ. ಆ ಬರಿದಾದ ಜಾಗದಲ್ಲಿ ಎದುರಾಳಿ ಒಬ್ಬನೇ ನುಗ್ಗುತ್ತಿದ್ದಾನೆ. ಅವನನ್ನು ತಡೆಯಲು ಓಡಿದವನು ಭೀಮಾಶಂಕರ ಒಬ್ಬನೇ. ಸ್ವಸ್ಥಾನವನ್ನು ತೊರೆದವನು ಇದ್ದದ್ದು ನಿಜ. ನನ್ನ ಮನವಿಯಲ್ಲಿ ಅವನ ಹೆಸರು ಮೊದಲ ಸಹಿಯಾಗಿ ಇದೆ.

ಇಷ್ಟನ್ನೂ ನೀವು ಆ ಹೊತ್ತಿನಲ್ಲಿಯೇ ಮೈದಾನದ ಬದಿಯಿಂದ ಕಂಡಿದ್ದಿರಿ. ನಮಗೆ ಯಾಕೆ ಹೇಳಲಿಲ್ಲ? ಕ್ಯಾಪ್ಟನ್‌ನನ್ನು ಕಾಪಾಡಿದಿರೋ, ನಮ್ಮಂಥವರಿಗೆ ವಿವರಿಸಿ ಫಲವಿಲ್ಲವೆಂದುಕೊಂಡಿರೋ? ಅಂದೇ ಆ ಲಕೋಟೆಯನ್ನು ನಾನು ತೆರೆದಿದ್ದರೆ...

ಒಂದು ಶನಿವಾರ ಕೆ.ಆರ್. ಪುರಕ್ಕೆ ಹೋದೆ. ಭೀಮಾಶಂಕರ ಈಗ ಟೈಲ್ಸ್ ಹಾಕುವ ಕೆಲಸ ಮಾಡುತ್ತಾನೆ. ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡು ಆಗಷ್ಟೇ ಬಂದಿದ್ದ. ಎತ್ತರವಾಗಿದ್ದಾನೆ. ಅವರಮ್ಮ ನನಗೆ ಕುರ್ಚಿ ಹಾಕಿದರು. ನಾನು ಯಾರೆಂದು ಹೇಳಬೇಕಾಗಲಿಲ್ಲ.

"ನೀವೇ ಅಲ್ರಿ ಸರ, ಅದನ್ನ ಬರ್ದವ್ರು?"

"ಹೌದು."

"ಛಲೋ ಬರ್ದಿದ್ರಿ. ನನಗ ಈಗೂ ಬಾಯಿಪಾಠ ಅದ. ಹೇಳ್ಲೇನ್ರಿ?"

"ಬೇಡ. ಅದರಲ್ಲಿ ಒಂದು ಸಂಗತಿ ತಪ್ಪಿದೆ. ಅದನ್ನ ಹೇಳೋಕೆ ಬಂದೆ."

"ಯಾವುದ್ರಿ ತಪ್ಪು? ನೀವ್ ಬರ್ದದ್ದಾ, ನಾ ಆಡಿದ್ದಾ?"

ನಾನು ಫೋನನ್ನು ಅವನ ಕೈಗೆ ಕೊಟ್ಟೆ. ಆ ಪಂದ್ಯವನ್ನು ಅವನೂ ಎಂದೂ ನೋಡಿರಲಿಲ್ಲ. ಬಾಗಿಲ ಹೊಸ್ತಿಲ ಮೇಲೆ ಕುಳಿತು ನೋಡಿದ. ಮೊದಲ ಗೋಲಿನ ಬಳಿ ನಿಲ್ಲಿಸಿ, "ಕಾಲು ತಡ ಆಯ್ತು ಇಲ್ಲಿ, ಮೈ ತಿರುಗಿಸಿರ್ಲಿಲ್ಲ ನಾ," ಎಂದು ತನಗೆ ತಾನೇ ಹೇಳಿಕೊಂಡ. ಎರಡನೆಯ ಗೋಲನ್ನು ಐದಾರು ಸಲ ಹಿಂದಕ್ಕೆ ಎಳೆದೆಳೆದು ನೋಡಿದ.

"ಮಾಸ್ಟರ್ ಹೇಳಿದ್ರು, ಎರಡನೇದು ನಿಂದಲ್ಲಲೇ ಅಂತ. ಎಷ್ಟ್ ಸಲ ಹೇಳಿದ್ರು. ನಾ ನಂಬಿರ್ಲಿಲ್ರಿ. ಅವ್ರು ನಮ್ಮವ್ರು, ಸಮಾಧಾನಕ್ಕ ಅಂತಾರ ಅಂದ್ಕೊಂಡೆ."

"ನಾನು ಸಮಾಧಾನಕ್ಕೆ ಬಂದಿಲ್ಲ."

"ಅದು ಗೊತ್ತಾಗ್ತದ್ರಿ. ನಿಮಗ ಸಮಾಧಾನ ಮಾಡಾಕ ಬರಂಗಿಲ್ಲ," ಎಂದು ಅವನು ಮೊದಲ ಬಾರಿಗೆ ನಕ್ಕ. ಆಮೇಲೆ ಕೇಳಿದ: "ಕ್ಯಾಪ್ಟನ್ ಅಣ್ಣ ಇದನ್ನ ನೋಡ್ಯಾನೇನ್ರಿ?"

ಮರುವಾರದ ಸಭೆಯಲ್ಲಿ ಕ್ಯಾಪ್ಟನ್‌ನೂ ಸೇರಿ ಎಲ್ಲರಿಗೂ ಅದನ್ನು ತೋರಿಸಿದೆ. ಹಳೆಯ ಮನವಿಯನ್ನು ವಾಪಸು ಪಡೆಯುತ್ತಿದ್ದೇನೆಂದು ನಡಾವಳಿಯಲ್ಲಿ ಬರೆಯತೊಡಗಿದೆ.

"ಈಗ ಯಾಕ್ ಸಾರ್ ಇದೆಲ್ಲ? ಸತ್ತೋರು ಕೇಳಿಸ್ಕೊಳ್ತಾರಾ?" ಎಂದರು ಖಜಾಂಚಿ.

"ಬದುಕಿರುವವನು ಒಬ್ಬನಿದ್ದಾನೆ," ಎಂದೆ.

ಕ್ಯಾಪ್ಟನ್ ಈಗ ಆಟ ಬಿಟ್ಟಿದ್ದಾನೆ, ಹೊಟ್ಟೆ ಬಂದಿದೆ. ಅವನು ಚಿತ್ರವನ್ನು ಒಂದೇ ಸಲ ನೋಡಿ, "ಉಸಿರು ಹಿಡ್ದಿತ್ತು ಸಾರ್ ಆವತ್ತು. ಆದ್ರೂ ವಾಪಸ್ ಬರ್ಬೇಕಿತ್ತು ನಾನು," ಎಂದ. ಎರಡು ದಿನ ಬಿಟ್ಟು ಅವನೇ ಬೈಕಿನಲ್ಲಿ ಕೆ.ಆರ್. ಪುರಕ್ಕೆ ಹೋಗಿದ್ದನಂತೆ. ಅಲ್ಲಿ ಏನು ಮಾತಾಯಿತೆಂದು ನಾನು ವಿಚಾರಿಸಲಿಲ್ಲ.

ನಿಮ್ಮ ತರಬೇತಿಯ ಬಗ್ಗೆ ನನ್ನ ಅಭಿಪ್ರಾಯವನ್ನು ಇನ್ನು ಬರೆಯಬಹುದು. ಕಪ್ಪಿನಿಂದ ಅಳೆದರೆ ನೀವು ಸಾಧಾರಣ. ಹೆಸರು ಮಾಡಿದವರ ಲೆಕ್ಕದಿಂದ ಅಳೆದರೂ ಸಾಧಾರಣವೇ. ಆದರೆ ಮೂರು ವರ್ಷ ಚೆಂಡು ಮುಟ್ಟದ ಹುಡುಗನೊಬ್ಬ ತನ್ನ ತಪ್ಪು ಯಾವುದು, ತನ್ನದಲ್ಲದ್ದು ಯಾವುದು ಎಂದು ಹೊಸ್ತಿಲ ಮೇಲೆ ಕುಳಿತು ಕಾಲಿನ ಕೋನದ ಸಮೇತ ಹೇಳಬಲ್ಲನಾದರೆ ಅದನ್ನು ಅವನಿಗೆ ಯಾರೋ ಕಲಿಸಿರಬೇಕು. ಸಹಿ ಮಾಡಿದ ನಮ್ಮಲ್ಲಿ ಒಬ್ಬರಿಗೂ ಅಷ್ಟು ಬರುತ್ತಿರಲಿಲ್ಲ. ಅನರ್ಹ ಎಂಬ ಪದವನ್ನು ಬಳಸಿದವನಿಗೂ.

ಇನ್ನು ನಿಮಗೆ ತಲುಪದ ಸುದ್ದಿ. ಕಳೆದ ತಿಂಗಳು ಒಂದು ಭಾನುವಾರ ಭೀಮಾಶಂಕರ ಮೈದಾನಕ್ಕೆ ಬಂದ. ಯಾರೂ ಕರೆದಿರಲಿಲ್ಲ. ಅಭ್ಯಾಸ ಮುಗಿಯುವವರೆಗೂ ಬೇಲಿಯಾಚೆ ನಿಂತಿದ್ದು, ಆಮೇಲೆ ನನ್ನ ಬಳಿ ಬಂದು, "ಫಾರ್ಮ್ ತುಂಬಬೇಕಾಗ್ತದೇನ್ರಿ ಸರ?" ಎಂದ. ನಾನೇ ತುಂಬಿಕೊಟ್ಟೆ; ಈ ವರ್ಷ ನಾನು ಕ್ಲಬ್ಬಿಗಾಗಿ ಬರೆದ ಕಾಗದ ಅದೊಂದೇ. ನಾವು ಇನ್ನೂ ಕೆಳಗಿನ ಡಿವಿಷನ್‌ನಲ್ಲಿಯೇ ಇದ್ದೇವೆ. ನಿನ್ನೆ ಅವನ ಮೊದಲ ಪಂದ್ಯ. ಉಸಿರು ಸಾಲದು, ಓಟ ಮಂದವಾಗಿದೆ, ಇಪ್ಪತ್ತೊಂದಕ್ಕೆ ಮತ್ತೆ ಶುರು ಮಾಡಿದವನು ಎಲ್ಲಿಯವರೆಗೆ ಹೋದಾನೆಂದು ನಾನು ಆಸೆ ಹುಟ್ಟಿಸಿಕೊಂಡಿಲ್ಲ. ಒಂದು ಗೋಲಿನಿಂದ ಸೋತೆವು. ಅವನು ಪೂರ್ತಿ ಆಡಿದ. ಶೂ ಬಿಚ್ಚಿ ಕೈಯಲ್ಲಿ ಹಿಡಿದು ನನ್ನ ಮುಂದೆ ನಿಂತು, ಮಂಗಳವಾರ ಅಭ್ಯಾಸ ಎಷ್ಟು ಹೊತ್ತಿಗೆ ಎಂದು ಕೇಳಿದ.

ಬೆಳಿಗ್ಗೆ ಆರೂವರೆಗೆ ಎಂದೆ.

ಇಂತು,
ನಾಗರಾಜ ರಾವ್
ಜೀವನ್ ಬಿಮಾ ನಗರ